ಕಟಾವಿನ ಚೀಟಿ

ಫಾರಮ್ಮಿನಲ್ಲಿ ಮೂರು ಖಾನೆ.
‘ಆಯ್ಕೆ ನಿಮ್ಮದು, ಹಂಚಿಕೆ ನಮ್ಮದು’ ಎಂದರು ಮೇಜರ್ ಸಾಹೇಬರು ಹಿಂದಿಯಲ್ಲಿ.
ನನ್ನ ಕಿವಿಯೊಳಗೆ ಅದು ಕನ್ನಡವಾಗುವಾಗ
ಮದುವೆ ದಲ್ಲಾಳಿಯ ಮಾತಿನ ಹಾಗಿತ್ತು.
ಮೊದಲನೆಯದಕ್ಕೆ ಎಂಜಿನಿಯರ್ಸ್ ಎಂದು ಬರೆದು
ಶಾಯಿ ಆರಲೆಂದು ಊದಿದೆ.
ಎರಡನೆಯದಕ್ಕೆ ಸಿಗ್ನಲ್ಸ್.
ಮೂರನೆಯದಕ್ಕೆ, ಸಾಹೇಬರು ಗಡಿಯಾರ ನೋಡುತ್ತಿದ್ದರು,
ಕೈಗೆ ಬಂದದ್ದು.

ಈಗ ರಜೆ, ಎಂಟು ದಿನ, ಮಂಡ್ಯ.
ಬೀದಿ ಮೊದಲು ನನ್ನ ಕತ್ತರಿಸಿದ ಕೂದಲನ್ನು ಮಾತಾಡಿಸುತ್ತದೆ,
ಆಮೇಲೆ ನನ್ನನ್ನು.
ಗುತ್ತಲು ರಸ್ತೆಯ ಟೈಲರ್ ಮರಿಸ್ವಾಮಣ್ಣ
ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಕೇಳುತ್ತಾರೆ:
‘ಯಾವುದ್ ಕೊಡ್ತಾರವ್ವ, ಫಿರಂಗಿನಾ, ಟ್ಯಾಂಕಾ?’
‘ಇನ್ನೂ ಪಟ್ಟಿ ಬಂದಿಲ್ಲ.’
‘ಕೇಳ್ಕಂಡಿದ್ನೇ ಕೊಡ್ತಾರಾ?’
ನಡೆದು ಬಂದೆ. ಎಡ, ಬಲ, ಎಡ,
ಕಾಲಿಗೆ ಉತ್ತರ ಗೊತ್ತಿರುವ ಹಾಗೆ.

ಅಪ್ಪ ಹನ್ನೊಂದು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ
ಕಟಾವಿನ ಚೀಟಿ ಬರೆದವರು.
ಯಾರ ಗದ್ದೆಗೆ ಯಾವತ್ತು ಮಚ್ಚು ಬೀಳಬೇಕು ಎಂಬುದು
ಅವರ ನೀಲಿ ಕಾರ್ಬನ್ನಿನ ಅಡಿಯಲ್ಲಿತ್ತು.
ರಾತ್ರಿ ಊಟದ ಹೊತ್ತಿಗೆ ಬಾಗಿಲಲ್ಲೊಂದು ಕೆಮ್ಮು,
ರಸಬಾಳೆಯ ಗೊನೆ, ಅದರ ಹಿಂದೆ ಒಬ್ಬ ಮನುಷ್ಯ.
‘ಸೂಲಂಗಿ ಬಂದ್ಬುಡ್ತು ಸ್ವಾಮಿ, ಈ ವಾರನೇ ಬರ್ಕೊಡಿ.’
‘ಸರದಿ ಬಂದಾಗ ಬತ್ತದೆ.’
ಗೊನೆ ವಾಪಸ್ಸು ಹೋಗುವಾಗ ನನ್ನ ಕಣ್ಣು
ಕತ್ತಲಲ್ಲಿ ಅರ್ಧ ಫರ್ಲಾಂಗು ಅದರ ಹಿಂದೆ ಹೋಗುತ್ತಿತ್ತು.
ಒಮ್ಮೆ ಕೇಳಿದ್ದೆ:
ಅವರವರ ಕಬ್ಬು, ಅವರಿಗೆ ಬೇಕಾದಾಗ ಕಡಿದರೆ ಏನು?
ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ.
‘ಗಾಣ ಒಂದೇ ಕಣವ್ವ.’

ಆಮೇಲೆ ಅವರನ್ನು ವೇಬ್ರಿಡ್ಜಿಗೆ ಹಾಕಿದರು.
ನಾನು ಕಂಡ ಮೊದಲ ಬ್ರಿಡ್ಜು ಅದೇ:
ಕೆಳಗೆ ನೀರಿಲ್ಲ, ಆಚೆ ದಡವಿಲ್ಲ,
ಹತ್ತಿದ್ದೆಲ್ಲ ಒಂದು ಅಂಕಿಯಾಗಿ ಇಳಿಯುತ್ತದೆ.
ಎಂಜಿನಿಯರ್ಸ್ ಎಂದು ಬರೆಯುವಾಗ
ನಿಜವಾದದ್ದೊಂದು ಕಟ್ಟಬೇಕು ಅಂದುಕೊಂಡಿದ್ದೆ,
ಇರುಳಲ್ಲಿ, ಹೊಳೆಯ ಮೇಲೆ, ಆ ದಡ ಇರುವಂಥದ್ದು.

ಇವತ್ತು ಅವರ ಊಟದ ಕ್ಯಾರಿಯರ್ ಹಿಡಿದು
ಟ್ರ್ಯಾಕ್ಟರುಗಳ ಸಾಲಿನ ಪಕ್ಕ ಹೋಗುತ್ತಿರುವಾಗ
ಲಾಲ್‌ರೆಮಿಯ ಫೋನು; ಕಾಲು ಉಳುಕಿ ಅಕಾಡೆಮಿಯಲ್ಲೇ ಉಳಿದವಳು.
ಅವಳ ಐಜ್ವಾಲಿನ ಹಿಂದಿ, ನನ್ನ ಮಂಡ್ಯದ ಹಿಂದಿ,
ನಡುವೆ ಕಬ್ಬಿನ ರಚ್ಚಿನ ಹೊಗೆ.
ಬೋರ್ಡಿಗೆ ಪಟ್ಟಿ ಅಂಟಿಸಿದ್ದಾರಂತೆ.
‘ನಿನ್ನದು ಎ.ಎಸ್.ಸಿ.’
ಅಂದರೆ ಅಕ್ಕಿ, ಬೇಳೆ, ಡೀಸೆಲ್ಲು, ಹೇಸರಗತ್ತೆ,
ಯಾವುದೋ ಬೆಟ್ಟದ ಮೇಲಿನ ನಲವತ್ತು ಜನರ ಚಪಾತಿ ಹಿಟ್ಟು.
‘ನೀನೇ ಬರೆದಿದ್ದೆಯಾ?’
ಮೂರನೇ ಖಾನೆಯನ್ನು ಕಣ್ಣಿಗೆ ತಂದುಕೊಂಡೆ.
ಗಡಿಯಾರ ನೆನಪಿದೆ, ಅದರ ಗಾಜಿನ ಗೀರು ನೆನಪಿದೆ.
ಅಕ್ಷರ ನೆನಪಿಲ್ಲ.

ಅಪ್ಪ ‘ತಡಿ’ ಎಂದು ಒಂದು ಲೋಡಿನ ತೂಕ ಮುಗಿಸಿದರು.
ಆಮೇಲೆ ಕೇಳಿದರು:
‘ಅಲ್ಲಿ ತೂಕದ ಬಟ್ಟು ಯಾರು ಚೆಕ್ ಮಾಡ್ತಾರೆ?’
ಅಷ್ಟೇ.
ಅವ್ವ ಫೋನಿನಲ್ಲಿ: ‘ಹಂಗಾರೆ ನೆಳ್ಳಲ್ಲೇ ಇರ್ಬೋದಾ?’
ನನಗೆ ನಗು ಬಂತು, ಅದರ ಹಿಂದೆಯೇ ಗಂಟಲಲ್ಲಿ
ಕಬ್ಬಿನ ಸಿಬಿರಿನಂಥದ್ದು.

ಲೋಡು ಇಳಿದು ಹೋದ ಮೇಲೆ
ಆ ಕಬ್ಬಿಣದ ಹಲಗೆಯ ನಡುವೆ ಹೋಗಿ ನಿಂತೆ, ಸಾವಧಾನ್.
ಕಿಟಕಿಯ ಮೇಲೆ ಕೆಂಪು ಅಂಕಿ: ಅರವತ್ತು.
ನಾನು ಐವತ್ತೆರಡು.
ಈ ಯಂತ್ರಕ್ಕೆ ಇಪ್ಪತ್ತರ ಮಗ್ಗಿ ಮಾತ್ರ ಬರುತ್ತದೆ.
ಅಪ್ಪ ಗಾಜಿನ ಒಳಗಿಂದ ನೋಡಿದರು,
ಚೀಟಿಗೆ ಕೈ ಹಾಕಲಿಲ್ಲ.
ಹಿಂದಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ.
ಇಳಿದೆ.