ಪೀರ್‌ಜಾನ್ ಕತ್ತರಿಸಿದ ನಾಲ್ಕು ನಿಮಿಷ

ಶಿಡ್ಲಘಟ್ಟದ ಟೆಂಟಿನಲ್ಲಿ ಆ ಚಿತ್ರ ಹನ್ನೊಂದು ವಾರ ಓಡಿತು.
ಹನ್ನೊಂದು ವಾರವೂ ವಕೀಲ ಎದ್ದು ನಿಂತ,
ಕರಿಕೋಟಿನ ತೋಳು ಎಳೆದುಕೊಂಡ,
"ಸ್ವಾಮೀ" ಎಂದ.
ಅಷ್ಟೇ.
ಪರದೆ ಒಮ್ಮೆ ಕೆಮ್ಮಿತು. ಮರುಕ್ಷಣ
ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸುತ್ತಿದ್ದರು,
ಕಟಕಟೆಯ ತಾಯಿಗೆ ಬಿಡುಗಡೆಯಾಗಿತ್ತು.

ನಡುವಿನ ನಾಲ್ಕು ನಿಮಿಷ ಪೀರ್‌ಜಾನ್ ಕತ್ತರಿಸಿದ್ದ.
ಕಲೆಗಾಗಿ ಅಲ್ಲ.
ಚಿಂತಾಮಣಿಯ ಕೊನೇ ಬಸ್ಸು ಒಂಬತ್ತೂ ನಲವತ್ತಕ್ಕೆ.
ಹಳ್ಳಿಯವರು ತೀರ್ಪು ಕೇಳದೆಯೇ ಏಳುತ್ತಿದ್ದರು,
ಹಾಗೆ ಎದ್ದವರು ಮತ್ತೆ ಟಿಕೆಟು ಕೊಳ್ಳುತ್ತಿರಲಿಲ್ಲ.
ಒಂದು ಬ್ಲೇಡು, ಒಂದು ತೊಟ್ಟು ಅಂಟು, ಅರ್ಧ ಬೀಡಿ.
ತುಂಡು ಸುರುಳಿ ಮಗಳ ಬಳೆಪೆಟ್ಟಿಗೆ ಸೇರಿತು.

ಆಮೇಲೆ ಮಾತಾಡಿದ್ದು ಊರು.
ಕ್ಷೌರದ ನಾರೆಪ್ಪನ ವಕೀಲ ಕೇಳಿದ್ದು ಒಂದೇ ಪ್ರಶ್ನೆ:
"ಅನ್ನ ಕದ್ದೋಳು ಕಳ್ಳಿ ಆದ್ರೆ
ಅನ್ನ ಬಚ್ಚಿಟ್ಟೋನು ಏನು ಸ್ವಾಮಿ?"
ಕತ್ತರಿ ಗಾಳಿಯಲ್ಲೇ ನಿಲ್ಲುತ್ತಿತ್ತು,
ಅರ್ಧ ಕತ್ತರಿಸಿಕೊಂಡ ತಲೆ ಉತ್ತರಕ್ಕೆ ಕಾಯುತ್ತಿತ್ತು.
ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತ ಅಮೀರ್‌ಬಿ,
"ಏನೂ ಅನ್ಲಿಲ್ಲ ಕಣಮ್ಮ, ಆ ಹೆಂಗ್ಸಿನ ಕೈ ಎತ್ತಿ ತೋರಿಸ್ದ"
ಎಂದು ತನ್ನವೇ ಬೆಂದು ಬಿಳಿಚಿದ ಬೆರಳು ಎತ್ತುತ್ತಿದ್ದಳು.
ದನದ ದಲ್ಲಾಳಿ ಬಯ್ಯಣ್ಣನಿಗೆ ಅನುಮಾನವೇ ಇರಲಿಲ್ಲ:
"ಟವಲ್ಲಿನ ಕೆಳಗೆ ಜಡ್ಜಿಗೆ ಬೆರಳು ಕೊಟ್ಟವ್ನೆ, ಬುಡು."
ನಮ್ಮ ಅತ್ತೆಯ ವಕೀಲ ಮಾತ್ರ ದಿನಕ್ಕೊಂದು ಹೇಳುತ್ತಿದ್ದ.
ಮಾವ ಕುಡಿದು ಬಂದ ರಾತ್ರಿಯ ಮರುದಿನ
ಅವನ ವಾದ ತುಂಬ ಉದ್ದವಿರುತ್ತಿತ್ತು.

ಹೋದ ವರ್ಷ ಯಾರೋ ಪೆನ್‌ಡ್ರೈವಿನಲ್ಲಿ ಇಡೀ ಚಿತ್ರ ಕೊಟ್ಟರು.
ಅಲಂಕಾರಶಾಸ್ತ್ರ ಪಾಠ ಮಾಡುವವಳು ನಾನು,
ನೋಟ್‌ಬುಕ್ ಹಿಡಿದೇ ಕೂತೆ.
ಮೊದಲ ನಿಮಿಷ ತನ್ನ ಬಡತನ, ಬೀದಿದೀಪದ ಓದು:
ನನ್ನನ್ನು ನಂಬಿ ಎನ್ನುವ ಮುಖ.
ಆಮೇಲೆ ಉಪಮೆಗಳು, ತಾಯಿ ಭೂಮಿ, ತಾಯಿ ಹಸು, ತಾಯಿ ಹಣತೆ,
ಒಂದರ ಬಾಲ ಒಂದು ಹಿಡಿದು ನೀರಿಗೆ ಹೊರಟ ಎಮ್ಮೆಗಳು.
ಕಾನೂನಿನ ಕಲಮು. ಮೇಜಿಗೆ ಗುದ್ದು. ಪಿಟೀಲು.
ಲಕ್ಷಣಕ್ಕೆ ತಕ್ಕ ಲಕ್ಷ್ಯ, ಒಂದು ತಪ್ಪೂ ಇಲ್ಲ,
ಹದಿನಾರು ಅಂಕದ ಉತ್ತರಕ್ಕೆ ಹೇಳಿ ಮಾಡಿಸಿದ್ದು.
ನನಗೆ ಅಳು ಬರಲಿಲ್ಲ.
ಎರಡನೇ ಸಲ ನೋಡುವಾಗ ಗಮನಿಸಿದೆ,
ಆ ನಾಲ್ಕು ನಿಮಿಷ ತಾಯಿ ಚೌಕಟ್ಟಿನಲ್ಲೇ ಇಲ್ಲ.

ತರಗತಿಯಲ್ಲಿ ಹೇಳಿದೆ: ವಾದದ ಏಣಿಯಲ್ಲಿ
ಒಂದು ಮೆಟ್ಟಿಲು ಬೇಕೆಂದೇ ಬಿಡುತ್ತಾರೆ,
ಕೇಳುವವನು ತನ್ನ ಮನೆಯ ಹಲಗೆ ತಂದು ಹಾಕಿಕೊಳ್ಳಲಿ ಎಂದು.
ಗ್ರೀಕರು ಅದಕ್ಕೊಂದು ಹೆಸರಿಟ್ಟರು. ನಮ್ಮವರು ಧ್ವನಿ ಎಂದದ್ದು ಅದರ ನೆರೆಮನೆ,
ಎರಡೂ ಒಂದೇ ಅಂತ ಪರೀಕ್ಷೆಯಲ್ಲಿ ಬರೆಯಬೇಡಿ.

ಕೊನೇ ಬೆಂಚಿನ ತಬಸ್ಸುಮ್ ಎದ್ದಳು.
"ಬೇಕೆಂದೇ ಅಲ್ಲ ಮಿಸ್. ನಮ್ಮ ಅಜ್ಜನಿಗೆ ಬಸ್ಸು ತಪ್ಪಬಾರದಿತ್ತು."
ಮರುದಿನ ಬಳೆಪೆಟ್ಟಿಗೆ ತಂದಳು.
ಮುಚ್ಚಳ ತೆಗೆದರೆ ಹುಳಿ ವಾಸನೆ,
ಸುರುಳಿ ಒಣಗಿದ ಹುರುಳಿಕಾಯಿಯಂತೆ ಮುರುಟಿತ್ತು.
ಕಿಟಕಿಯ ಬೆಳಕಿಗೆ ಹಿಡಿದೆವು.
ಚೌಕದಿಂದ ಚೌಕಕ್ಕೆ ತೆರೆದ ಪುಟ್ಟ ಬಾಯಿ, ಬಾಯಿ, ಬಾಯಿ.
ಪಕ್ಕದ ಅಂಚಿನಲ್ಲಿ ರೇಷ್ಮೆಯಷ್ಟು ಸಪೂರ,
ನಡುಗುತ್ತ ಇಳಿಯುವ ಒಂದು ಬಿಳಿ ಗೆರೆ.

"ಇದೇ ಧ್ವನಿ, ಮಿಸ್. ಅಜ್ಜ ತೋರಿಸಿದ್ರು."

ಗೆರೆಗೆ ಕಿವಿ ಹಚ್ಚಲೇ ಎಂದು ಒಂದು ಗಳಿಗೆ ಅನಿಸಿತು, ನಗಬೇಡಿ.
ಅಷ್ಟರಲ್ಲಿ ಗಂಟೆ ಹೊಡೆಯಿತು.
ಚಿಂತಾಮಣಿ ಬಸ್ಸಿನವರು ಎದ್ದರು.