ಒಬ್ಬಾಕಿ ಹಾಡಿದ್ದು

ಎರಡು ಸೀರಿ ರೊಕ್ಕ ಬಾಕಿ ಇತ್ತು ಒಲಿಂಡಾ ಬಾಯಿದು.
ಕ್ಯಾಂಪಿನ ಮನಿ ಖಾಲಿ ಮಾಡಿ ಮಡಗಾಂವಿಗೆ ಹೊಂಟಾಗ
ರೊಕ್ಕದ ಬದಲಿ ಕೊಟ್ಟಳು
ಹಿಡಿಕಿ ಇರೂ ಒಂದು ಹಾಡೂ ಪೆಟಿಗಿ,
ಬಿಸ್ಕೀಟಿನ ಡಬ್ಬಿ ತುಂಬ ರೆಕಾರ್ಡು.
ನಮ್ಮ ಚಂದ್ರವ್ವತ್ತಿ ಅದನ್ನ ಸೈಕಲ್ಲಿಗೆ ನೂಲಿನ ಹುರಿ ಸುತ್ತಿ ಕಟ್ಟಿ
ಹತ್ತಾಕ ಬರೂದಿಲ್ಲ, ನೂಕ್ಕೊಂತ ನೂಕ್ಕೊಂತ
ಖಡೇಬಜಾರ ದಾಟಿಸಿ ವಡಗಾವಿಗೆ ತಂದಳು.

"ಎರಡು ಸೀರಿ ಕೊಟ್ಟು ಇಪ್ಪತ್ಮೂರು ಹಂಚು ತಂದಿ,
ರೊಟ್ಟಿ ಬೇಯಿಸ್ತೀಯೇನ?" ಅಂದಳು ನಮ್ಮವ್ವ.

ಒಂದೊಂದ ಹಚ್ಚಿ ಕೇಳಿದಳು ಅತ್ತಿ.
ಗಂಡಸರವು ಅತ್ತಾಗ.
ಜೋಡಿ ಹಾಡಿದ್ದು ಅತ್ತಾಗ.
"ಒಬ್ಬಾಕಿ ಹಾಡಿದ್ದಷ್ಟ ಇರಲಿ."
ಉಳಿದವು ಏಳು.

ಯಾಕಂತ ನಾ ಕೇಳಲಿಲ್ಲ. ಹನ್ನೊಂದು ವರ್ಷದಾಕಿ,
ಕಂಡಿಕಿ ಸುತ್ತೂದು ನನ್ನ ಕೆಲಸ, ಕೇಳೂದಲ್ಲ.
ಈಗ ಅನಸ್ತೈತಿ:
ತೊಟ್ಟಲಕ್ಕ, ಕುಬಸಕ್ಕ, ಅರಿಷಿಣಕ್ಕ
ನಮ್ಮ ಓಣಿ ಹೆಂಗಸರು ಹಾಡಿದ್ರ ಗುಂಪಿನ್ಯಾಗ.
ಒಬ್ಬಾಕಿನ ಹಾಡಿದಳಂದ್ರ
ಯಾರೋ ಸತ್ತಾರ,
ಇಲ್ಲಾ ಆಕಿಗೆ ತಲಿ ಕೆಟ್ಟೈತಿ.

ಹೆಸರು ಓದಾಕ ಅಂಗ್ರೇಜಿ ಬರತಿದ್ದಿಲ್ಲ,
ಬಂದಿದ್ರೂ ಚೀಟಿ ಪೂರಾ ಜಿರಳಿ ತಿಂದಿದ್ವು.
ನಾವ ಹೆಸರಿಟ್ಟಿವಿ.
ಬಿಕ್ಕಳಿಕೆವ್ವ, ದನಿ ಏರಿಸೂ ಮುಂದ
ಒಣ ರೊಟ್ಟಿ ನುಂಗಿದಾಕಿ ಗತೆ ಬಿಕ್ಕತಿದ್ಲು.
ಲಿಂಬಿಹಣ್ಣಿನಾಕಿ, ಶನಿವಾರ ಖೂಟಿನ್ಯಾಗ
ಮಧ್ಯಾಹ್ನತನಕ ಕೂಗಿ ಗಂಟಲ ಒಡಕೊಂಡಾಕಿ.
ಸಣ್ಣ ಹುಡುಗಿ ಒಬ್ಬಾಕಿ, ನನ್ನ ವಾರಿಗಿಯಾಕಿ ಇರಬೇಕು,
ಮುದುಕಿಯಂಗ ಸಿಟ್ಟಿಗೆದ್ದು ಹಾಡತಿದ್ಲು.
ಮತ್ತ 'ಒಲ್ಲೆ'.
ನೋ ಅನ್ನೂದೊಂದ ತಿಳೀತಿತ್ತು ಅದರಾಗ,
ಹದಿಮೂರು ಸಲ.
ಎಣಿಸಿದಾಕಿ ಅತ್ತಿ, ಮೊಣಕಾಲ ಮ್ಯಾಲ ಬೆರಳು ಬಡದು.
ಉಳಿದ ಮೂರರ ಹೆಸರು ಹೇಳೂದಿಲ್ಲ,
ಅವು ಬೈಗುಳ.

ಹಿಂದಿನ ಕೋಲ್ಯಾಗ ಎರಡು ಮಗ್ಗ.
ಖಟಕ್ ಢಬ್, ಖಟಕ್ ಢಬ್.
ಆ ಹಾಡಿನ ಪೆಟ್ಟೂ ಎರಡನೇದಕ್ಕ ಬೀಳತಿತ್ತು,
ಢಬ್ ಅನ್ನೂ ಕಡೆ.
ಅದಕ್ಕ ಇರಬೇಕು, ಆ ಪರದೇಶದ ಹೆಂಗಸರು
ನಮ್ಮಲ್ಲಿ ಕೂಲಿಗೆ ಬಂದವರಂಗ ಕೂಡಿಬಿಟ್ರು.

ಕರೆಂಟ್ ಹೋತಂದ್ರ ಮಗ್ಗ ನಿಲ್ಲತಿದ್ವು.
ಹಾಡಾಕಿ ದನಿ ಇಳದು ಇಳದು
ಗಂಡಸಾಗಿ, ಕೋಣ ಆಗಿ, ಗಪ್ಪ.
ಆವಾಗ ಅತ್ತಿ ತೋರುಬೆರಳು ಹಚ್ಚಿ
ಹಂಚು ತಿರುವಾಕ ಸುರು ಮಾಡತಿದ್ಲು.
ಸೂಜಿಯಿಂದ ಸೊಳ್ಳಿಯಷ್ಟ ದನಿ.
"ಕಿವಿ ತಾ ಇಲ್ಲೆ."
ಅತ್ತಿ ಬೆರಳು ಎಷ್ಟು ಜೋರು, ಆಕಿನೂ ಅಷ್ಟ ಜೋರು.
ಗಂಡನ ಮನಿ ಬಿಟ್ಟು ಯಾಕ ಬಂದಿ ಅಂದ್ರ
ಯಾರಿಗೂ ಹೇಳದಾಕಿ
ಕತ್ತಲದಾಗ ಕುಂತು
ತಿರುವತಿದ್ದದ್ದು ಒಂದ ಹಾಡು.
ಹದಿಮೂರೂ ಮುಗಿಯೂತನಕ ಬೆರಳು ಎತ್ತತಿದ್ದಿಲ್ಲ.

ನನಗ ಬಿಕ್ಕಳಿಕೆವ್ವನ ಬೇಕು.
ಆಕಿ ರೆಕಾರ್ಡಿಗೆ ಅಡ್ಡ ಒಂದು ಗೀರು ಇತ್ತು,
ಮೂರನೇ ಸಾಲಿನ್ಯಾಗ ಸೂಜಿ ಟಿಕ್ ಅಂತ ಜಿಗೀತಿತ್ತು.
ನಾವೂ ಹಂಗ ಕಲಿತಿದ್ವಿ.
ಕಂಡಿಕಿ ಸುತ್ತೂ ಮುಂದ, ನೀರು ತುಂಬೂ ಮುಂದ,
ಅರ್ಥ ಗೊತ್ತಿಲ್ಲದ ಎರಡು ಸಾಲು, ಟಿಕ್, ಮತ್ತ ಹಾಡು.
ಅತ್ತಿ ಹೋದ ವರ್ಷ ಪೆಟಿಗಿನೂ ಹೋತು.
ಡಬ್ಬಿ ಐತಿ ಇನ್ನೂ. ಅದರಾಗ ಶೇಂಗಾ ಇಡತೇವಿ.

ಮೊನ್ನೆ ಮೊಮ್ಮಗಳು ಸಂಪದಾ
ನಾ ಗುನುಗಿದ್ದು ಫೋನಿಗೆ ಕೇಳಿಸಿ
"ಅಜ್ಜಿ, ಇದಾ?" ಅಂದ್ಲು.
ಹಾಡಾಕಿ ಹೆಸರೂ ಹೇಳಿದ್ಲು. ಚಲೋ ಹೆಸರು. ಮರತೆ.
ಮೊದಲ ಗುರತು ಹತ್ತಲಿಲ್ಲ,
ಭಾಳ ಸ್ವಚ್ಛ ಇತ್ತು, ತೊಳದ ಗಾಜಿನಂಗ.
ಬಿಕ್ಕಿದ ಮ್ಯಾಲ ತಿಳೀತು.

ಮೂರನೇ ಸಾಲು ಬಂತು.
ನನ್ನ ನಾಲಿಗಿ ಟಿಕ್ ಅಂತು.
ಆಕಿ ಜಿಗೀಲಿಲ್ಲ.
ಅಲ್ಲೆ ಮಾತಿಲ್ಲ, ಬಾಜಾ ಇಲ್ಲ,
ಅರ್ಧ ಗಳಿಗಿ,
ಉಸಿರು ತಗೋತಿದ್ಲು.
ಐವತ್ತೆಂಟು ವರ್ಷ
ನಾವು ಹಾರಿ ದಾಟಿದ್ದು ಅದನ್ನ.

"ಯಾಕಜ್ಜಿ?" ಅಂತ ಬಾಯಿ ತಗದ್ಲು ಸಂಪದಾ.
ತಡಿ ಅಂತ ಕೈ ಮಾಡಿದೆ.
ಹಾಡು ಇನ್ನೂ ಮುಗದಿದ್ದಿಲ್ಲ.