ರ ಇಳಿ ರಾ

ಬೋರ್ಡಿನಲ್ಲಿ ಅರವತ್ತು ಭಾಗ ಕನ್ನಡ ಇರಬೇಕೆಂದು
ನೋಟಿಸು ಅಂಟಿಸಿ ಹೋದರು ಪಾಲಿಕೆಯವರು.
ಬಳೇಪೇಟೆಯ ಮುನಿವೆಂಕಟಮ್ಮ
ತನ್ನ ಹಿಟ್ಟಿನ ಗಿರಣಿಯ ನೆತ್ತಿಗೆ
ಏಣಿ ಸಮೇತ ಕರೆಸಿದಳು ನಮ್ಮನ್ನು.
ಬರೆಯುವವರು ಗೌಸ್ ಮೇಸ್ತ್ರಿ,
ಡಬ್ಬ ಹಿಡಿಯುವವನು ನಾನು.

'ರಾಯಲ್ ಅಂತ್ಲೇ ಇರ್ಲಿ, ಯಜಮಾನ್ರು ಇಟ್ಟಿದ್ದು.
ಹಂಗಂದ್ರೇನು ಅಂತ ಮಾತ್ರ
ಮೂವತ್ತು ವರ್ಷದಿಂದ ಯಾರ್ನೂ ಕೇಳಿಲ್ಲ ನಾನು.'
ರಾಗಿಹಿಟ್ಟು ಮೆತ್ತಿದ ಹುಬ್ಬೆತ್ತಿ ನೋಡಿದಳು.

ಮೇಸ್ತ್ರಿ ಮಾತಾಡಲಿಲ್ಲ.
ನೂಲನ್ನು ನೀಲಿಪುಡಿಯಲ್ಲಿ ಹೊರಳಿಸಿ
ಒಂದು ತುದಿ ನನಗೆ ಕೊಟ್ಟು, ಬಿಗಿದು,
ನಡುವೆ ಎತ್ತಿ ಬಿಟ್ಟರು.
ಟಪ್.
ಗೋಡೆಯ ಮೇಲೊಂದು ಗೆರೆ.
'ಇದೇ ನೋಡಮ್ಮ,' ಅಂದರು.

ಆಮೇಲೆ ಹೇಳಿದರು, ಕುಂಚ ಸೀಪುತ್ತಾ:
ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಯಪ್ಪ,
ಪಾದ್ರಿಯಾಗಲು ಓದಿ, ಲ್ಯಾಟಿನ್ ಮಾತ್ರ ಇಟ್ಟುಕೊಂಡು
ಮಿಕ್ಕಿದ್ದನ್ನು ಬಿಟ್ಟುಬಂದವನು,
ಅವನಂದನಂತೆ, ಮೊದಮೊದಲು
ಕಿರೀಟವೂ ಇಲ್ಲ, ಪಲ್ಲಕ್ಕಿಯೂ ಇಲ್ಲ ಆ ಮಾತಿನಲ್ಲಿ.
ನೆಟ್ಟಗೆ ಎಳೆಯುವುದು, ಅಷ್ಟೇ.
ಎಳೆದವನು ರೆಕ್ಸ್, ಅವನದು ರೆಗಾಲಿಸ್.
ಫ್ರೆಂಚರ ನಾಲಿಗೆಯ ಮೇಲೆ ಕರಗಿ, ಕಡಲು ದಾಟಿ
ಇಂಗ್ಲಿಷಿಗೆ ಬರುವಾಗ ರಾಯಲ್.

ಅದೇ ಬೇರಿನ ಇನ್ನೊಂದು ಕವಲು ಈ ಕಡೆಗೆ ಬಂತಂತೆ:
ರಾಜ. ಸವೆದು ಸವೆದು ರಾಯ.
ಋಜು ಎಂಬುದೂ ಅದರ ದಾಯಾದಿ.
ಸೇಂದಿ ಬೀದಿಯ ಶಾಲೆಯಲ್ಲಿ ಹೆಡ್‌ಮಾಸ್ತರರ
ರೂಲುದೊಣ್ಣೆಯೂ ಅದೇ ವಂಶದ್ದು.
ನನ್ನ ಅಂಗೈ ತಟ್ಟನೆ ಬಿಸಿಯಾಯಿತು.
ಎಷ್ಟೊಂದು ಸಲ ಮುಟ್ಟಿ ಹೋಗಿದೆ ರಾಜಮನೆತನ!

ಆ ಶಾಲೆಯಲ್ಲೇ ರಾಗವಾಗಿ ಕೂಗಿದ್ದು:
ರ ತಲೆಕಟ್ಟು ರ, ರ ಇಳಿ ರಾ.
ರಾಜ ಎಂದು ಬರೆಯಹೊರಟರೆ
ಮೊದಲಕ್ಷರಕ್ಕೇ ಇಳಿ ಎನ್ನುತ್ತದೆ ಬಳ್ಳಿ.
ಜ ಬಡವ, ಹುಟ್ಟಿನಿಂದ ತಲೆಕಟ್ಟೇ ಇಲ್ಲ.
ಅರಸು ಅಂದರೆ ಹುಡುಕು ಎಂದು ಬರೆದು
ಅರ್ಧ ಅಂಕ ಕಳಕೊಂಡವನು ನಾನು.
ಈಗಲೂ ಅದು ತಪ್ಪು ಅನ್ನಿಸುವುದಿಲ್ಲ.

'ಮೇಸ್ತ್ರಿ, ಗೆರೆ ಸೊಟ್ಟಗಿದೆ,' ಎಂದೆ ಕೆಳಗಿಳಿದು.
ಅವರು ನಕ್ಕರು.
ಸೊಟ್ಟಗಿರುವುದು ಗೋಡೆ, ಕಣೋ.
ಆ ಕಡೆ ಮೆಟ್ರೋ ಅಗೆದಾಗ ಒಂದು ಬೆರಳು ಕೂತಿದೆ.
ಇದರ ಮೇಲೆ ನೆಟ್ಟಗೆ ಎಳೆದರೆ
ಊರೆಲ್ಲ ಸೊಟ್ಟ ಅನ್ನುತ್ತದೆ.
ನೆಟ್ಟಗೆ ಕಾಣಬೇಕಾದರೆ ಒಂಚೂರು ಬಗ್ಗಿಸಬೇಕು.
ರಾಯಪ್ಪನಿಗೆ ಹೇಳಬೇಡ.

ಇಳಿಹೊತ್ತಿಗೆ ಅಕ್ಷರ ಎದ್ದು ನಿಂತವು,
ಕೆಂಪಿಗೆ ಹಳದಿ ಅಂಚು.
ಒದ್ದೆಬಟ್ಟೆಯಲ್ಲಿ ನೀಲಿ ಗೆರೆ ಒರೆಸಿದೆ.
ಎಲ್ಲವನ್ನೂ ಸಾಲಿಗೆ ನಿಲ್ಲಿಸಿದ್ದು
ಬಟ್ಟೆಯ ಮೂಲೆಗೆ ಬಂದು ಕೂತಿತು,
ಕಲೆಯಾಗಿ.

ಯಾರೋ ಐದು ಸೇರು ಗೋಧಿ ತಂದರು.
ಮುನಿವೆಂಕಟಮ್ಮ ಸ್ವಿಚ್ಚು ಒತ್ತಿದಳು.
ಗೋಡೆ ಗಡಗಡ ನಡುಗಿತು.
ಇನ್ನೂ ಒಣಗದ ಲ್ ಮೇಲೆ
ತೆಳ್ಳಗೆ
ಹಿಟ್ಟು ಇಳಿಯತೊಡಗಿತು.